ಶೇನ್ ಗುರು ಕಾಲಿಗೆ ಬುದ್ಧಿ ಹೇಳಿದ್ದು

ಶೇನ್ ಮಾವ್‌ಲಿನ್ ಗುರುಗಳು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ಅವರು ಸೇತುವೆಯ ಮೇಲೆ ಹೊಡೆದುರುಳಿಸಿದ ಪುಂಡರ ಸಂಖ್ಯೆ ಒಂಬತ್ತಕ್ಕೆ ಏರಿತ್ತು. ಅವರು ಬದುಕಿದ್ದಾಗ ಪುಂಡರು ಮೂವರೇ ಇದ್ದರು. ಹೆಣ ಎತ್ತುವ ದಿನ ಐವರಾದರು. ಸತ್ತ ಮೇಲೆ ಮನುಷ್ಯನ ಕೈ ಇಷ್ಟು ಚುರುಕಾಗುವುದನ್ನು ಅವರ ಹೆಂಡತಿ ಗುಯ್‌ಚಿನ್ ಬೇರೆಲ್ಲೂ ಕಂಡಿರಲಿಲ್ಲ.

ತ್ಸಾಂಗ್‌ಝೌ ಸೀಮೆಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಅದು ಮುಷ್ಟಿವಿದ್ಯೆಯ ಗುರುವೊಬ್ಬನಿಗೆ ತಾಗುತ್ತದೆ. ಅಂಥ ಕಡೆಯೂ ಶೇನ್ ಗುರುಗಳಿಗೆ ಬೇರೆಯೇ ಮರ್ಯಾದೆ. ಗಿರಣಿಯಲ್ಲಿ ಕೆಲಸ ಮಾಡಿಕೊಂಡೇ ಬೆಳಗಿನ ಜಾವ ಎಲಚಿ ತೋಪಿನಲ್ಲಿ ಪಾಠ ಹೇಳುತ್ತಿದ್ದರು. ಕೈಕಾಲು ಉಳುಕಿಸಿಕೊಂಡು ಬಂದವರಿಗೆ ಎಣ್ಣೆ ನೀವಿ ಕಳಿಸುತ್ತಿದ್ದರು. ನಿಲ್ಲಲು ಬಾರದವನಿಗೆ ಹೊಡೆಯಲು ಕಲಿಸಬಾರದು ಎಂದು, ಒಬ್ಬೊಬ್ಬನನ್ನು ವರ್ಷಗಟ್ಟಲೆ ಬರೀ ನಿಲ್ಲಿಸಿಟ್ಟರು. ಹೀಗಾಗಿ ಅವರ ಶಿಷ್ಯರು ನಿಲ್ಲುವುದರಲ್ಲಿ ಇಡೀ ಸೀಮೆಗೇ ಹೆಸರಾದರು. ಆದರೆ ಹೊರಗಿನಿಂದ ಬಂದವರು ಕೇಳುತ್ತಿದ್ದದ್ದು ಒಂದೇ: ನಿಮ್ಮ ಗುರುಗಳು ಯಾರನ್ನು ಹೊಡೆದಿದ್ದಾರೆ?

ಅದಕ್ಕೆ ಉತ್ತರವಾಗಿ ಸೇತುವೆಯ ಕತೆ ಹುಟ್ಟಿತು.

ಆ ಸಂಜೆ ಸೇತುವೆಯ ಮೇಲೆ ಗುರುಗಳ ಜೊತೆಗಿದ್ದವಳು ಗುಯ್‌ಚಿನ್ ಒಬ್ಬಳೇ. ಮದುವೆಯಾದ ಹೊಸತು, ಚಳಿಗಾಲ. ತವರಿನಿಂದ ಬರುತ್ತಿದ್ದರು. ಎದುರಾದದ್ದು ಹಂದಿ ಕಡಿಯುವ ಪಾಂಗ್ ಒಬ್ಬನೇ. ಕಂಠಪೂರ್ತಿ ಕುಡಿದಿದ್ದ, ಕೈಯಲ್ಲಿ ಕತ್ತಿ ಇತ್ತು. ಗುರುಗಳು ಅವನನ್ನೊಮ್ಮೆ ನೋಡಿದರು, ಕತ್ತಿಯನ್ನೊಮ್ಮೆ ನೋಡಿದರು, ಹೆಂಡತಿಯ ಕೈ ಹಿಡಿದು ಬಂದ ದಾರಿಯಲ್ಲೇ ಓಡಿದರು. ಓಟದಲ್ಲಿ ಅವರ ಒಂದು ಕಾಲಿನ ಜೋಡು ಕಳಚಿ ಬಿತ್ತು. ಪಾಂಗ್ ನಾಲ್ಕು ಹೆಜ್ಜೆ ಅಟ್ಟಿಸಿಕೊಂಡು ಬಂದು, ಮಂಜುಗಡ್ಡೆಯ ಮೇಲೆ ಜಾರಿ ಭುಜ ಮುರಿದುಕೊಂಡ. ನಡೆದದ್ದು ಅಷ್ಟೇ. ಮಾರನೆಯ ದಿನ ಆ ಭುಜವನ್ನು ಸರಿಕೂಡಿಸಿದವರೂ ಗುರುಗಳೇ.

ಇದನ್ನು ಅವರು ಮುಚ್ಚಿಟ್ಟವರಲ್ಲ. "ನಾನು ಯಾರನ್ನೂ ಹೊಡೀಲಿಲ್ಲ ಕಣ್ರಯ್ಯ, ಓಡಿಹೋದೆ" ಎಂದು ಎಷ್ಟೋ ಸಲ ಹೇಳಿದ್ದರು. ಶಿಷ್ಯರು ಮುಖ ಮುಖ ನೋಡಿಕೊಂಡು, ಆಹಾ ಎಂಥ ವಿನಯ ಎಂದು ತಲೆಬಾಗುತ್ತಿದ್ದರು. ಹೇಳಿದಷ್ಟೂ ವಿನಯದ ಕೀರ್ತಿಯೇ ಬೆಳೆಯುತ್ತ ಹೋಗಿ, ಕೊನೆಗೆ ಸಾಕಾಗಿ ಸುಮ್ಮನಾದರು. ಹಾಸಿಗೆ ಹಿಡಿದ ಮೇಲೆ ಹೆಂಡತಿಗೆ ಹೇಳಿದರು: "ನನ್ನ ಮಾತು ನಂಬ್ಲಿಲ್ಲ. ನೀನಾದ್ರೂ ಒಂದ್ಸಲ ಹೇಳ್ಬಿಡು. ನಿನಗೆ ವಿನಯ ಇದೆ ಅಂತ ಯಾರೂ ಅನ್ನಲ್ಲ."

ವರ್ಷದ ತಿಥಿಯ ದಿನ ಸಮಾಧಿಯ ಮುಂದೆ, ಸತ್ತವರ ಖರ್ಚಿಗೆಂದು ಕಾಗದದ ಹಣ ಸುಟ್ಟು, ಮಣ್ಣಿಗೆ ಮದ್ಯ ಸುರಿದು ಬಂದು ಎಲ್ಲರೂ ಊಟಕ್ಕೆ ಕುಳಿತರು. ಮೇಜಿನ ಮೇಲೆ ಕತ್ತೆಮಾಂಸ ತುಂಬಿದ ರೊಟ್ಟಿಗಳ ಗುಡ್ಡೆ. ಸಂಸ್ಕೃತಿ ಕಚೇರಿಯ ಅಧಿಕಾರಿಯೊಬ್ಬರು ಬಂದಿದ್ದರು, ಸೇತುವೆಯ ಪಕ್ಕ ಗುರುಗಳ ನೆನಪಿಗೆ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಹಿರಿಯ ಶಿಷ್ಯ ಗೆಂಗ್, ಮೂರು ಊರುಗಳಲ್ಲಿ ಶಾಲೆ ತೆರೆದವನು, ಎದ್ದು ನಿಂತು ಸೇತುವೆಯ ಕತೆ ಶುರುಮಾಡಿದ. ಒಂಬತ್ತನೆಯ ಪುಂಡ ಕಾಲುವೆಗೆ ಬಿದ್ದಾಗ ಗುಯ್‌ಚಿನ್ ಬಟ್ಟಲು ಕೆಳಗಿಟ್ಟಳು.

"ಗೆಂಗ್, ಕೂತ್ಕೋ. ಕಡ್ಡೀನ ಗುಡ್ಡ ಮಾಡಿದ್ದು ಸಾಕು. ಅಲ್ಲಿ ಇದ್ದವಳು ನಾನು. ಬಂದಿದ್ದು ಒಬ್ಬನೇ. ನಿಮ್ಮ ಗುರುಗಳು ಅವನ ಮೈ ಮುಟ್ಟಲಿಲ್ಲ. ಕಾಲಿಗೆ ಬುದ್ಧಿ ಹೇಳಿದ್ರು."

ಅಂತೂ ಭಾರ ಇಳಿಯಿತು ಎಂದು ಆಕೆ ಉಸಿರು ಬಿಟ್ಟಳು.

ಗೆಂಗ್ ನಿಧಾನವಾಗಿ ಮಂಡಿಯೂರಿದ. ಅವನ ಕಣ್ಣು ತುಂಬಿತ್ತು. "ಅಮ್ಮಾ, ಕಾಲಿಗೆ ಬುದ್ಧಿ ಹೇಳೋ ವಿದ್ಯೆ! ಗುರುಗಳು ಅದನ್ನ ಯಾರಿಗೂ ಬಾಯ್ಬಿಟ್ಟು ಹೇಳಿರಲಿಲ್ಲ. ಇವತ್ತು ನಿಮ್ಮ ಬಾಯಲ್ಲಿ ಬಂತು."

"ಅಯ್ಯೋ ಮಂಕೇ, ಓಡಿಹೋದ್ರು ಅಂದೆ. ಜೋಡು ಬಿಟ್ಟು ಓಡಿಹೋದ್ರು."

"ಯಾವ ಕಾಲಿಂದಮ್ಮ?" ಎಂದು ಕೇಳಿದವನು ಎರಡನೆಯ ಶಿಷ್ಯ ಲುವೋ.

"ಎಡಗಾಲಿಂದು. ಯಾಕೆ?"

ಲುವೋ ತೊಡೆ ತಟ್ಟಿಕೊಂಡ. "ನೋಡಿದ್ರಾ, ಎಡಗಾಲು. ನನ್ನನ್ನ ನಿಲ್ಲಿಸಿದಾಗೆಲ್ಲ ಎಡಗಾಲು ಹಗುರ ಇರಲಿ, ಹಗುರ ಇರಲಿ ಅಂತಿದ್ರು. ಆ ಪಾಠ ಕೊಟ್ಟಿದ್ದು ನನಗೊಬ್ಬನಿಗೇ."

"ನಿನಗಾ? ನಿನ್ನ ಎಡಗಾಲಲ್ಲಿ ಆಣಿ ಇತ್ತಲ್ಲೋ, ಅದಕ್ಕೆ ಹೇಳಿದ್ದು" ಎಂದ ಗೆಂಗ್, ಮಂಡಿಯೂರಿದಲ್ಲಿಂದಲೇ.

ಮಾತಿಗೆ ಮಾತು ಬೆಳೆಯಿತು. ಲುವೋ ಕೊರಳಪಟ್ಟಿಗೆ ಕೈ ಹಾಕಿದ, ಗೆಂಗ್ ಅವನ ಕಿವಿ ಹಿಡಿದ. ಜೀವಮಾನವೆಲ್ಲ ಮುಷ್ಟಿವಿದ್ಯೆ ಕಲಿತ ಇಬ್ಬರು ಅಜ್ಜಂದಿರು ಸಂತೆಯಲ್ಲಿ ಕೋಸಿಗೆ ಕಿತ್ತಾಡುವವರಂತೆ ಎಳೆದಾಡಿದರು. ರೊಟ್ಟಿಯ ತಟ್ಟೆ ನೆಲಕ್ಕೆ ಬಿತ್ತು. ನಿಲ್ಲುವುದರಲ್ಲಿ ಮಾತ್ರ ಇಬ್ಬರೂ ಗುರುಗಳ ಹೆಸರು ಉಳಿಸಿದರು, ಯಾರೂ ಬೀಳಲಿಲ್ಲ.

ಗುಯ್‌ಚಿನ್‌ಗೆ ಒಂದೇ ದಾರಿ ಉಳಿದಿತ್ತು. ಗೌರವದ ಮೇಜಿನಲ್ಲಿ, ಅಧಿಕಾರಿಯ ಬಲಕ್ಕೆ, ಮುದುಕ ಪಾಂಗ್ ಕುಳಿತಿದ್ದ. ಗುರುಗಳ ಪೆಟ್ಟು ತಿಂದವರಲ್ಲಿ ಬದುಕಿ ಉಳಿದ ಒಬ್ಬನೇ ಒಬ್ಬ ಎಂದು ಎಲ್ಲ ಸಮಾರಂಭಕ್ಕೂ ಅವನನ್ನು ಕರೆದು ಕೂರಿಸುತ್ತಿದ್ದರು.

"ಪಾಂಗ್, ನೀನೇ ಹೇಳಪ್ಪ. ಅವರು ನಿನ್ನ ಹೊಡೆದ್ರಾ?"

ಪಾಂಗ್ ಬಟ್ಟಲಿನ ಮದ್ಯ ಮುಗಿಸಿದ. ತಲೆ ಎತ್ತಲಿಲ್ಲ. "ಹೊಡೆದ್ರು ಅತ್ತಿಗೆ. ಚಳಿ ಬಂದ್ರೆ ಈ ಭುಜ ಈಗ್ಲೂ ಹಿಡ್ಕೊಳ್ಳುತ್ತೆ."

ಸಭೆಗೆ ಸಭೆಯೇ ಹೌದೌದೆಂದಿತು. ಗಂಡನ ವಿನಯ ಹೆಂಡತಿಗೂ ಅಂಟಿದೆ ಎಂದು ಯಾರೋ ಹಿಂದಿನಿಂದ ಹೇಳಿದ್ದು ಆಕೆಗೆ ಕೇಳಿಸಿತು.

ಊಟ ಮುಗಿದ ಮೇಲೆ ಕಾಲುವೆಯ ದಂಡೆಯಲ್ಲಿ ಆಕೆ ಮುಂದೆ ನಡೆದಳು, ಪಾಂಗ್ ಕೋಲೂರಿಕೊಂಡು ಹಿಂದೆ ಬಂದ.

"ಸುಳ್ಳು ಹೇಳೋಕೆ ನಾಲಿಗೆ ಹೇಗೆ ಬಂತೋ ನಿನಗೆ?"

"ಬೈಯಿ ಅತ್ತಿಗೆ." ಅವನು ನಿಂತು ಉಸಿರು ಸುಧಾರಿಸಿಕೊಂಡ. "ನಿಜ ಹೇಳಿದ್ರೆ ನಾನು ಯಾರು? ಕುಡಿದು ಮಂಜಲ್ಲಿ ಜಾರಿ ಬಿದ್ದ ಕಟುಕ. ಈಗ ನನ್ನ ಮೊಮ್ಮಕ್ಕಳು ಶಾಲೇಲಿ, ನಮ್ಮಜ್ಜ ಶೇನ್ ಗುರುಗಳ ಕೈಲಿ ಹೊಡೆಸಿಕೊಂಡವನು ಅಂತ ಎದೆ ಉಬ್ಬಿಸಿ ಓಡಾಡ್ತಾರೆ. ನಾನು ಶೇನ್ ಅಣ್ಣನ್ನೇ ಕೇಳಿದ್ದೆ, ಹಾಗೆ ಹೇಳ್ಕೊಳ್ಳೋದು ತಪ್ಪಾ ಅಂತ. ಆ ಕತೆ ನೀನೇ ಇಟ್ಕೋ ಹೋಗು, ನನಗಂತೂ ಬೇಡ ಅಂದ್ರು."

ಗುಯ್‌ಚಿನ್‌ಗೆ ಸಿಟ್ಟು ಬಂತು. ತನಗೆ ಹೇಳು ಎಂದವರೂ ಅವರೇ, ಇವನಿಗೆ ಇಟ್ಟುಕೋ ಎಂದವರೂ ಅವರೇ. ಸತ್ತವರ ಜೊತೆ ಜಗಳಾಡುವುದು ಹೇಗೆ? ಉಳಿದ ದಾರಿಯನ್ನು ಆಕೆ ಬಿರಬಿರನೆ ನಡೆದಳು. ಆದರೆ ಪಾಂಗ್ ಹಿಂದೆ ಬಿದ್ದಾಗಲೆಲ್ಲ ನಿಂತು ಕಾದಳು.

ವಾರದೊಳಗೆ ಅಧಿಕಾರಿ ಮನೆಗೆ ಬಂದರು. ಕಲ್ಲಿನ ಮೇಲೆ ಎಷ್ಟು ಜನ ಎಂದು ಕೆತ್ತಿಸಬೇಕೆಂಬುದು ಗೆಂಗ್ ಮತ್ತು ಲುವೋ ನಡುವೆ ಬಗೆಹರಿದಿರಲಿಲ್ಲ; ಗೆಂಗ್ ಒಂಬತ್ತು ಅನ್ನುತ್ತಿದ್ದ, ಲುವೋ ಹನ್ನೆರಡಕ್ಕೆ ಹೋಗಿದ್ದ.

"ಒಬ್ಬ" ಎಂದಳು ಗುಯ್‌ಚಿನ್.

"ಒಬ್ಬನೇ ಆದ್ರೆ ಸಪ್ಪೆ ಆಗುತ್ತಲ್ಲ ಅಜ್ಜಿ?"

ಆಕೆ ಚಹಾ ಬಗ್ಗಿಸಿಕೊಟ್ಟು ಸ್ವಲ್ಪ ಯೋಚಿಸಿದಳು. "ಸಪ್ಪೆ ಯಾಕಾಗುತ್ತೆ? ಆ ಒಬ್ಬ ಹತ್ತಾಳಿನ ಗಟ್ಟಿಗ. ಒಂದೇ ಕೈಯಲ್ಲಿ ಹಂದಿ ಎತ್ತೋನು. ಅವನ ಹೆಸರು ಪಾಂಗ್. ಹೆಸರು ಸರಿಯಾಗಿ ಕೆತ್ತಿಸಿ."

ಕಲ್ಲು ವಸಂತದಲ್ಲಿ ನಿಂತಿತು. ಶಿಷ್ಯರಿಬ್ಬರಿಗೂ ಸಮಾಧಾನವಿಲ್ಲ, ಪಾಂಗ್ ಮಾತ್ರ ಗುರುಗಳ ಹೆಸರಿನ ಕೆಳಗೇ ತನ್ನ ಹೆಸರು ನೋಡಿ ಅಲ್ಲಿಂದ ಕದಲದಾದ. ಪುಟ್ಟ ಕಾಲುಮಣೆ ಹಾಕಿಕೊಂಡು ಕುಳಿತು ಹೋಗಿಬರುವವರಿಗೆಲ್ಲ ಕತೆ ಹೇಳತೊಡಗಿದ.

ಒಂದು ದಿನ ಸೊಪ್ಪು ಕೊಂಡು ಬರುತ್ತಿದ್ದ ಗುಯ್‌ಚಿನ್ ಅವನ ಬೆನ್ನ ಹಿಂದೆ ಹಾದುಹೋಗುತ್ತಿದ್ದಳು. ಕತೆ ಗುರುಗಳು ಮಾತಾಡುವ ಜಾಗಕ್ಕೆ ಬಂದಿತ್ತು. ಪಾಂಗ್ ಗಂಟಲು ಸರಿಮಾಡಿಕೊಂಡು, ಅವರ ಹಾಗೆಯೇ ಮೂಗಿನಲ್ಲಿ ಸಣ್ಣಗೆ ಉಸಿರೆಳೆದು, "ಏಯ್ ತಮ್ಮಾ, ಕತ್ತಿ ಕೆಳಗಿಡು, ಚಳಿ ಇದೆ, ಮನೆಗೆ ಹೋಗು" ಎಂದ. ಆ ಮಾತನ್ನು ಆ ಸಂಜೆ ಯಾರೂ ಆಡಿರಲಿಲ್ಲ. ಆದರೆ ದನಿ ಮಾವ್‌ಲಿನ್ ಅವರದೇ.

ಆಕೆ ಸೊಪ್ಪಿನ ಚೀಲವನ್ನು ಕಟ್ಟೆಯ ಮೇಲಿಟ್ಟು, ಕತೆ ಮುಗಿಯುವವರೆಗೂ ಅಲ್ಲೇ ನಿಂತು ಕೇಳಿದಳು.