ತೊಕುಜಿಯವರ ಬೆಟ್ಟದ ಮಾತು

ಮುನಾಕಾತಾ ತೊಕುಜಿಯವರು ನಡೆಯುವಾಗ ಅವರ ಎಡಗೈ ಮಾತ್ರ ನಡೆಯುತ್ತಿರಲಿಲ್ಲ. ಬಲಗೈ ರೈತನ ಕೈಯಂತೆ ಧಾರಾಳವಾಗಿ ಬೀಸುತ್ತ ಬರುತ್ತಿದ್ದರೆ, ಎಡಗೈ ಮೊಣಕೈಯಲ್ಲಿ ಮಡಿಚಿಕೊಂಡು, ಎದೆಯ ಮುಂದೆ, ತುಂಬಿದ ಬಟ್ಟಲನ್ನು ತುಳುಕದಂತೆ ಒಯ್ಯುವವರ ಕೈಯ ಹಾಗೆ ನಿಶ್ಚಲವಾಗಿರುತ್ತಿತ್ತು. ಚಳಿಗಾಲದಲ್ಲಿ ಅವರು ತೊಡುತ್ತಿದ್ದುದು ಇದ್ದಿಲು ಸುಡುತ್ತಿದ್ದ ತಂದೆಯಿಂದ ಬಂದ, ಹತ್ತಿ ತುಂಬಿದ, ಕಡುನೀಲಿಯ ಗಿಡ್ಡ ಕೋಟು. ಅದರ ಎಡತೋಳನ್ನು ಎಂಥ ಹಿಮ ಬೀಳುತ್ತಿದ್ದರೂ ಮೊಣಕೈವರೆಗೆ ಮಡಿಚಿಯೇ ಇಡುತ್ತಿದ್ದರು. ತೋಳಿನ ಕೆಳಗೆ ಗಡಿಯಾರ ಮುಚ್ಚಿಹೋಗಬಾರದೆಂಬುದು ಅವರ ನಿಯಮ. ಬಟ್ಟೆ ಮುಚ್ಚಿದರೆ ರೇಡಿಯೋ ಅಲೆಗೆ ಅಡ್ಡಿಯಿಲ್ಲವೆಂದು ಒಮ್ಮೆ ನಾನು ತಿಳಿಸಿದಾಗ ಅವರು ತಲೆಯಾಡಿಸಿ, "ಅಡ್ಡಿ ಇಲ್ಲದೆ ಇರಬಹುದು ಮೇಷ್ಟ್ರೆ, ಮರ್ಯಾದೆ ಅಂತ ಒಂದು ಇದೆಯಲ್ಲ," ಎಂದಿದ್ದರು.

ಅದು ತಾನಾಗಿ ಸರಿಹೊಂದುವ ಕೈಗಡಿಯಾರ. ಓತಾಕಾದೋಯ ಬೆಟ್ಟದ ನೆತ್ತಿಯ ಗೋಪುರದಿಂದ ಹೊರಡುವ ಸಂಜ್ಞೆಯನ್ನು ಆಕಾಶಮಾರ್ಗವಾಗಿ ಕೇಳಿಸಿಕೊಂಡು, ತನ್ನ ಮುಳ್ಳುಗಳನ್ನು ತಾನೇ ತಿದ್ದಿಕೊಳ್ಳುವಂಥದು. ಗುಂಡಿಯೊತ್ತಿದರೆ ಸೆಕೆಂಡಿನ ಮುಳ್ಳು ಓಡಿಹೋಗಿ ಮೂರು ಗುರುತುಗಳಲ್ಲೊಂದರ ಮೇಲೆ ನಿಂತು, ಚೆನ್ನಾಗಿ ಕೇಳಿಸಿತು, ಸಣ್ಣಗೆ ಕೇಳಿಸಿತು ಅಥವಾ ಕೇಳಿಸಲೇ ಇಲ್ಲ ಎಂದು ತಿಳಿಸುತ್ತಿತ್ತು. ಆ ಗೋಪುರ ಕೆಲಸ ಆರಂಭಿಸಿದ್ದು 1999ರ ಜೂನ್ 10, ಗುರುವಾರ. ತೊಕುಜಿಯವರ ಹೊಗೆಸೊಪ್ಪಿನ ಹೊಲ ಅದೇ ಬೆಟ್ಟದ ಬುಡದಲ್ಲಿ. ಎಪ್ಪತ್ತು ತುಂಬಿದಾಗ ಕೋರಿಯಾಮಾ ಪಟ್ಟಣದಲ್ಲಿರುವ ಮಗಳು ಈ ಗಡಿಯಾರವನ್ನು ಉಡುಗೊರೆಯಾಗಿ ಕೊಟ್ಟಾಗಿನಿಂದ, ದೇಶಕ್ಕೆಲ್ಲ ವೇಳೆ ಹೇಳುವ ಬೆಟ್ಟ ತಮ್ಮ ಹಿತ್ತಿಲಿನದೆಂಬ ಅಭಿಮಾನ ಅವರಲ್ಲಿ ಒಂದು ವ್ರತದ ರೂಪ ತಾಳಿತು. ಸಭೆಯಿರಲಿ, ಶವಸಂಸ್ಕಾರವಿರಲಿ, ಯಾರಾದರೂ ವೇಳೆ ಕೇಳಿದರೆ ಹೇಳಿ, ಕೊನೆಗೆ ತಪ್ಪದೆ ಸೇರಿಸುವರು: "ನನ್ನ ಮಾತಲ್ಲ, ಬೆಟ್ಟದ ಮಾತು."

ಊರಿನವರಿಗೆ ಇದು ನಗೆಯ ವಿಷಯವಾಗಿತ್ತು. ಎಲ್ಲರಿಗಿಂತ ಹೆಚ್ಚು ಕೆಣಕುತ್ತಿದ್ದವನು ನೆರೆಮನೆಯ ಹಾಕೊಜಾಕಿ ಇಸಾವೊ, ಹಸುಗಳನ್ನು ಸಾಕುತ್ತಿದ್ದವನು.

"ಏನಣ್ಣಾ, ಬೆಟ್ಟ ಇವತ್ತು ಏನಂತು? ಸಾಕೆ ಹೆಂಡ ಬಗ್ಗಿಸೋ ಹೊತ್ತಾಯ್ತು ಅಂತೇನಾದ್ರೂ ಅಂತಾ?"

"ಬಗ್ಗಿಸೋದಕ್ಕೆ ನಿಂಗೆ ಬೆಟ್ಟ ಬೇರೆ ಹೇಳ್ಬೇಕಾ? ನೀನು ನಿನ್ನೆ ಬಗ್ಗಿಸಿದ್ದೇ ಇನ್ನೂ ಇಳಿದಿಲ್ಲ."

ಮಗಳ ಮನೆಗೆ ಹೋದಾಗ ಅವರು ನಡೆಸುತ್ತಿದ್ದ ವಿಧಿಯನ್ನು ಅವರ ಪತ್ನಿ ಸುಮಿ ಅಭಿನಯಿಸಿ ತೋರಿಸುತ್ತಿದ್ದರು. ಕಾಂಕ್ರೀಟಿನ ಆ ಬಹುಮಹಡಿ ಕಟ್ಟಡದಲ್ಲಿ ಸಂಜ್ಞೆ ಸುಲಭವಾಗಿ ಒಳಬರುವುದಿಲ್ಲ. ಅದಕ್ಕೆ ಮಲಗುವ ಮುನ್ನ ಮನೆಯನ್ನೆಲ್ಲ ಸುತ್ತಿ, ಫ್ರಿಜ್ಜಿನಿಂದ ದೂರ, ಟೀವಿಯಿಂದ ದೂರ, ಕಬ್ಬಿಣದ ಸರಳಿನಿಂದ ದೂರ, ಊರಿನ ದಿಕ್ಕಿನ ಕಿಟಕಿಯ ಕಟ್ಟೆಯೊಂದನ್ನು ಆರಿಸಿ, ಮಡಿಸಿದ ಕರವಸ್ತ್ರದ ಮೇಲೆ ಗಡಿಯಾರವನ್ನು ನಿಲ್ಲಿಸಿ, ಮೊಮ್ಮಗಳಿಗೆ ಎಚ್ಚರಿಸುವರು: "ಮುಟ್ಬೇಡ ಕಣೇ. ದೊಡ್ಡೋರು ಮಾತಾಡೋವಾಗ ನಡುವೆ ಅಲ್ಲಾಡಿಸ್ತಾರಾ?" ಈ ನಗೆಯೆಲ್ಲ ಭೂಕಂಪವೂ ಸುನಾಮಿಯೂ ಬಡಿದ 2011ರ ಮಾರ್ಚ್ 11, ಶುಕ್ರವಾರದವರೆಗೆ.

ಮರುದಿನ, ಕಡಲ ಕಡೆಯ ಅಣುಸ್ಥಾವರದ ಅಪಾಯದಿಂದಾಗಿ ಬೆಟ್ಟದ ಸುತ್ತಣ ಊರುಗಳನ್ನು ತೆರವು ಮಾಡಿಸಿ, ಜನರನ್ನು ಬಸ್ಸುಗಳಲ್ಲಿ ಕರೆತಂದು, ಫುನೆಹಿಕಿಯಲ್ಲಿ ನಾನು ಹಿಂದೆ ಚರಿತ್ರೆ ಬೋಧಿಸುತ್ತಿದ್ದ ಶಾಲೆಯ ವ್ಯಾಯಾಮಶಾಲೆಯಲ್ಲಿ ಇಳಿಸಿದರು. ನೆರವಿಗೆಂದು ನಾನೂ ಅಲ್ಲಿದ್ದೆ. ಎರಡು ಮೂರು ದಿನದ ಮಾತೆಂದುಕೊಂಡು ಎಲ್ಲರೂ ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ಇಸಾವೊ ಹಸುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿದಂತೆಯೇ ಬಿಟ್ಟು, ಮೂರು ದಿನಕ್ಕಾಗುವಷ್ಟು ಮೇವು ಹಾಕಿ ಬಂದಿದ್ದ. ಬೆಟ್ಟದ ಒರತೆಯ ನೀರು ಕೊಳವೆಯಲ್ಲಿ ತೊಟ್ಟಿಗೆ ತಾನೇ ಹರಿದುಬರುತ್ತಿತ್ತು, ಮೇವು ಹಾಗೆ ಬರುವಂಥದ್ದಲ್ಲ. ಪೆಟ್ರೋಲು ಎಲ್ಲಿಯೂ ಸಿಗದ ದಿನಗಳವು. ಅವನ ಪುಟ್ಟ ಲಾರಿಯಲ್ಲಿದ್ದುದು ಊರಿಗೆ ಒಂದೇ ಒಂದು ಸಲ ಹೋಗಿಬರಲು ಸಾಲುವಷ್ಟು.

ವ್ಯಾಯಾಮಶಾಲೆಯ ಗೋಡೆ, ಛಾವಣಿಗಳೆಲ್ಲ ಉಕ್ಕಿನ ತಗಡಿನವು, ಒಳಗೆ ಗಡಿಯಾರ ಪೂರ್ಣ ಕಿವುಡು. ತೊಕುಜಿಯವರು 13ರ ಮುಂಜಾನೆ ಹೊರಗೆ ಹೋಗಿ, ಊರು ಮೂಡಣಕ್ಕಿದೆಯೆಂದು ಮೂಡಣ ಗೋಡೆಯ ಪಕ್ಕದ ಮರದ ಬೆಂಚನ್ನು ಆರಿಸಿಕೊಂಡರು. ಮೊದಲ ಸಲ ಮುಳ್ಳು "ಇಲ್ಲ" ಎಂದಿತು. ಬೆಂಚನ್ನು ಗೋಡೆಯಿಂದ ಸ್ವಲ್ಪ ಸರಿಸಿದ ಮೇಲೆ "ಸಣ್ಣಗೆ" ಎಂದಿತು. ಊರಿನಲ್ಲಿ ಅಕ್ಕಿಯ ಡಬ್ಬಿಯ ಪಕ್ಕದಲ್ಲಿಟ್ಟರೂ "ಚೆನ್ನಾಗಿ" ಎನ್ನುತ್ತಿದ್ದ ಮುಳ್ಳು ಅದು.

"ದೂರ ಬಂದಿದ್ದೀವಲ್ಲ, ಅದಕ್ಕೆ ದನಿ ಸಣ್ಣ," ಎಂದು ಒಳಗೆ ಬಂದು ಸಾರಿದರು. "ಆದ್ರೆ ಮಾತಾಡ್ತಾ ಇದೆ. ಬೆಟ್ಟದ ಮೇಲೆ ಜನ ಇದಾರೆ. ಜನ ಇದ್ದಾರೆ ಅಂದ್ಮೇಲೆ ಅಂಥ ಅಪಾಯ ಏನಿದೆ? ಇನ್ನೊಂದೆರಡು ದಿನದಲ್ಲಿ ನಮ್ಮನ್ನೂ ಕಳಿಸ್ತಾರೆ. ನನ್ನ ಮಾತಲ್ಲ ಇದು, ಬೆಟ್ಟದ ಮಾತು."

ಈ ಸಲ ಯಾರೂ ನಗಲಿಲ್ಲ. ಟೀವಿಯ ಮಾತನ್ನೂ ಅಧಿಕಾರಿಗಳ ಮಾತನ್ನೂ ನಂಬದೆ ಕುಳಿತಿದ್ದ ಜನ, ದಿನವೂ ಬೆಳಗ್ಗೆ ತಣ್ಣನೆಯ ಅನ್ನದುಂಡೆಯನ್ನು ಕೈಯಲ್ಲಿ ಹಿಡಿದು, ತಾವು ಗೇಲಿ ಮಾಡಿದ್ದ ಮುದುಕ ಬಾಗಿಲಲ್ಲಿ ಕಾಣಿಸಿಕೊಳ್ಳುವುದನ್ನೇ ಕಾಯತೊಡಗಿದರು. 15ರ ಮಂಗಳವಾರ, ಮೇವು ಮುಗಿದಿರಬೇಕಾದ ದಿನ, ಇಸಾವೊ ಲಾರಿಯ ಬೀಗದಕೈ ಹಿಡಿದು ಅವರ ಹತ್ತಿರ ಬಂದ.

"ಅಣ್ಣಾ, ಇರೋದು ಒಂದೇ ಸಲದ ಪೆಟ್ರೋಲು. ಈಗ ಹೋಗಿ ಮೇವು ಹಾಕಿ ಬಂದ್ರೆ ಆಮೇಲೆ ಹೋಗೋಕಾಗಲ್ಲ. ಹೋಗ್ಲಾ, ಕಾಯ್ಲಾ? ನಿಜ ಹೇಳು."

"ಇವತ್ತೂ ಮಾತಾಡ್ತು ಕಣೋ. ಕಾಯಿ."

ಇಸಾವೊ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡ.

18ರ ಶುಕ್ರವಾರ ಬೆಳಗ್ಗೆ ಸುಮಿ ಗಂಡನ ಗಡಿಯಾರವನ್ನು ಒರೆಸಲೆಂದು ಬಿಚ್ಚಿಸಿಕೊಂಡು ಬಟ್ಟೆ ಒಗೆಯುವ ಕಡೆಗೆ ಒಯ್ದಿದ್ದರು. ಅದು ಕಟ್ಟಡದ ಪಡುವಣ ಮಗ್ಗುಲು. ಒರೆಸಿ ಕಟ್ಟೆಯ ಮೇಲಿಟ್ಟು, ಅವರ ಪರವಾಗಿ ತಾವೇ ಗುಂಡಿಯೊತ್ತಿ ಕಾದು ನೋಡಿ, ಸಂತೋಷದಿಂದ ಕೂಗಿದರು.

"ಇಲ್ಬನ್ನಿ ಇಲ್ಬನ್ನಿ! ‘ಚೆನ್ನಾಗಿ’ ಅಂತಿದೆ! ಊರಲ್ಲಿ ಅಂತಿತ್ತಲ್ಲ, ಹಾಗೇ!"

"ಅಲ್ಲಿ ಹೇಗೆ ಅಂತದೆ? ಬೆಟ್ಟ ಇರೋದು ಈ ಕಡೆ. ನಡುವೆ ಇಷ್ಟು ದೊಡ್ಡ ತಗಡಿನ ಗೋಡೆ ಇದೆ. ನಿಂಗೆ ಗುಂಡಿ ಒತ್ತೋಕ್ಕೆ ಬರಲ್ಲ."

"ಒತ್ತೋದಕ್ಕೆ ಏನು ಶಾಸ್ತ್ರ ಓದ್ಬೇಕಾ? ನೀವೇ ಒತ್ತಿ."

ಒತ್ತಿದರು. ಮೂಡಣದ ಬೆಂಚಿಗೆ ಒಯ್ದು ಒತ್ತಿದರು. ಪುನಃ ಪಡುವಣಕ್ಕೆ ಬಂದು ಒತ್ತಿದರು. ಗಡಿಯಾರ ಕೇಳಿಸಿಕೊಳ್ಳಲು ತೆಗೆದುಕೊಳ್ಳುವ ಆ ದೀರ್ಘ ನಿಮಿಷಗಳಲ್ಲಿ ಉಸಿರನ್ನೂ ಬಿಗಿಹಿಡಿದು ಅದರ ಮುಂದೆ ಬಾಗಿ ನಿಂತಿದ್ದ ಅವರನ್ನು ನಾನು ಕಂಡೆ. ಊರಿಗೆ ಬೆನ್ನು ಮಾಡಿದಷ್ಟೂ ದನಿ ದೊಡ್ಡದಾಗುತ್ತಿತ್ತು. ಕೊನೆಗೆ ಅವರು ನನ್ನ ಬಳಿ ಬಂದು ತಗ್ಗಿದ ಸ್ವರದಲ್ಲಿ ಕೇಳಿದರು: "ಮೇಷ್ಟ್ರೆ, ಪಡುವಣಕ್ಕೆ ಇಂಥ ಬೆಟ್ಟ ಇನ್ನೊಂದಿದೆಯಾ?"

ಇತ್ತು. ದೂರದ ಪಡುವಣ ತುದಿಯ ಕ್ಯೂಶೂ ದ್ವೀಪದ ಬೆಟ್ಟವೊಂದರ ಮೇಲೆ ಎರಡನೆಯ ಗೋಪುರ 2001ರ ಅಕ್ಟೋಬರ್ 1ರಿಂದ ಇದೇ ವೇಳೆಯನ್ನು ಸಾರುತ್ತಿತ್ತು. ಒಂದು ಬೆಟ್ಟ ಮೌನವಾದರೆ ಇಂಥ ಗಡಿಯಾರ ಮತ್ತೊಂದನ್ನು ಹುಡುಕಿಕೊಳ್ಳುತ್ತದೆ. ಬೆಟ್ಟದ ಬುಡದಲ್ಲಿ ಬದುಕಿದವರಿಗೆ ಎರಡನೆಯದರ ಸುದ್ದಿಯೇ ಬೇಕಾಗಿರಲಿಲ್ಲ. ಶಾಲೆಯ ಕಚೇರಿಯಿಂದ ವಿಚಾರಿಸಲಾಗಿ, ಓತಾಕಾದೋಯದ ಸಿಬ್ಬಂದಿ 12ರ ಸಂಜೆಯೇ ಯಂತ್ರವನ್ನು ನಿಲ್ಲಿಸಿ ಇಳಿದು ಹೋಗಿದ್ದರೆಂದು ತಿಳಿಯಿತು.

ತೊಕುಜಿಯವರು ಎಲ್ಲರ ನಡುವೆ ಹಾದು ಇಸಾವೊ ಕುಳಿತಿದ್ದ ಚಾಪೆಯ ಮುಂದೆ ಮಂಡಿಯೂರಿ, ನೆಲಕ್ಕೆ ಹಣೆ ತಾಗಿಸಿದರು.

"ಬೆಟ್ಟದ ಮೇಲೆ ಯಾರೂ ಇಲ್ಲ ಇಸಾವೊ. ಮೊದಲಿಂದ್ಲೂ ಇರಲಿಲ್ಲ. ಕೇಳಿಸ್ತಿದ್ದದ್ದು ಕ್ಯೂಶೂದು. ‘ಕಾಯಿ’ ಅಂದದ್ದು ಬೆಟ್ಟ ಅಲ್ಲ, ನಾನು."

ಇಸಾವೊ ಜೇಬಿನಿಂದ ಬೀಗದಕೈ ತೆಗೆದ. ಆಮೇಲೆ ಬೂಟು ಹಾಕಿಕೊಳ್ಳುತ್ತ, "ಏಳು. ಹಣೆ ಆಮೇಲೆ ಉಜ್ಜು. ಕೊಟ್ಟಿಗೇಲಿ ಹಗ್ಗ ಬಿಚ್ಚೋಕೆ ಇನ್ನೆರಡು ಕೈ ಬೇಕು," ಎಂದ.

ಅವರು ಹಿಂದಿರುಗಿದಾಗ ಕತ್ತಲಾಗಿತ್ತು. ಆ ದಿನದ ವೃತ್ತಾಂತವನ್ನು ತೊಕುಜಿಯವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಿದ್ದು ಇಸಾವೊನಿಂದ. ತಾಯಿಯ ಹಾಲು ಬತ್ತಿ ಎಳೆಗರು ಸತ್ತಿತ್ತು, ಮುದಿ ಹಸುವೊಂದು ಬಿದ್ದದ್ದು ಏಳಲಿಲ್ಲ. ಉಳಿದವು ಕಟ್ಟುಗಂಬದ ಮರವನ್ನೇ ಕಡಿದು ತಿಂದಿದ್ದವು. ತರಲು ದಾರಿಯಿಲ್ಲ, ಕಟ್ಟಿದಂತೆಯೇ ಬಿಟ್ಟು ಬರುವಂತಿಲ್ಲ. ಒಂದೊಂದನ್ನೇ ಬಿಚ್ಚಿ ಹಿಮದ ಬಯಲಿಗೆ ಅಟ್ಟಿದರಂತೆ. ಮರಳಿ ಬರುವ ದಾರಿಯಲ್ಲಿ ಇಸಾವೊ ಅವರಿಗೆ ಹೇಳಿದನಂತೆ: "ನಿನ್ನ ಗಡಿಯಾರ ತಪ್ಪಿರಲಿಲ್ಲಣ್ಣ, ವೇಳೆ ಸರಿಯಾಗೇ ಇತ್ತು. ಕಾಯಿ ಅಂತ ಯಾರಾದ್ರೂ ಹೇಳ್ಲಿ ಅಂತ ನಾನೂ ಕಾಯ್ತಿದ್ದೆ. ನೀನಲ್ದಿದ್ರೆ ಕಾಗೆ ಕೂಗಿದ್ರೂ ನಂಬ್ತಿದ್ದೆ." ಇದು ಕ್ಷಮೆಯೋ ದೂರೋ, ಹೇಳಿದವನಿಗೂ ಗೊತ್ತಿರಲಿಲ್ಲ.

ಅಂದಿನಿಂದ ಅವರು ವೇಳೆ ಕೇಳಿದವರಿಗೆ ವೇಳೆಯನ್ನಷ್ಟೇ ಹೇಳಿದರು. ಗಡಿಯಾರವನ್ನು ತ್ಯಜಿಸುವರೆಂದು ನಾನು ಎಣಿಸಿದ್ದೆ, ತ್ಯಜಿಸಲಿಲ್ಲ. ದಿನವೂ ಎರಡೂ ಮಗ್ಗುಲಿನಲ್ಲಿ ಪರೀಕ್ಷಿಸಿ, ಎರಡರ ಫಲವನ್ನೂ ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. ಏಪ್ರಿಲ್ 21, ಗುರುವಾರ ಮಧ್ಯಾಹ್ನದ ಮೇಲೆ ಮೂಡಣದ ಬೆಂಚಿನ ಮೇಲೆ ಮುಳ್ಳು "ಚೆನ್ನಾಗಿ" ಎಂದಿತು. ಸಿಬ್ಬಂದಿ ಕೆಲಹೊತ್ತು ಬೆಟ್ಟವೇರಿ ಯಂತ್ರವನ್ನು ಚಾಲೂ ಮಾಡಿದ್ದರು. ತೊಕುಜಿಯವರು ಗಡಿಯಾರವನ್ನು ಕಟ್ಟಿಕೊಂಡು ಒಳಬಂದರು.

"ಏನಂತು?" ಎಂದರು ಸುಮಿ.

"ಮಾತಾಡ್ತು."

"ಹಾಗಾದ್ರೆ ಹೇಳ್ಬಾರ್ದಾ ಎಲ್ರಿಗೂ?"

"ಮಾತಾಡ್ತು ಅಷ್ಟೇ ಕಣೇ. ಮನೆಗೆ ಬನ್ನಿ ಅಂತ ಅಂದಿಲ್ಲ."

ಮರುದಿನದಿಂದ ಊರುಗಳ ಪ್ರವೇಶವನ್ನು ಕಾನೂನಿನಿಂದಲೇ ನಿಷೇಧಿಸಲಾಯಿತು. ಆ ನಿಷೇಧ ತೆರವಾದದ್ದು 2014ರ ಏಪ್ರಿಲ್ 1, ಮಂಗಳವಾರ. ಅಂದೇ ದಂಪತಿಗಳು ಊರಿಗೆ ಮರಳಿದರು. 2018ರ ಫೆಬ್ರವರಿ 6ರಂದು ತೊಕುಜಿಯವರು ತೀರಿಕೊಂಡರು. ಸಂಸ್ಕಾರದಲ್ಲಿ ಪೆಟ್ಟಿಗೆಯ ತಲೆಯ ಭಾಗಕ್ಕೆ ಹೆಗಲು ಕೊಟ್ಟವನು ಇಸಾವೊ.

ಯಂತ್ರವನ್ನು ನಂಬಿ ಮೋಸಹೋದವರೆಂದು ಇಂಥವರನ್ನು ಕುರಿತು ಲಘುವಾಗಿ ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಯಂತ್ರ ಹೇಳಿದ್ದು ಸತ್ಯ. ಅದು ಎಲ್ಲಿಂದ ಬಂದಿತೆಂಬುದನ್ನು ಹೃದಯ ತಾನೇ ಊಹಿಸಿಕೊಂಡಿತು, ಮತ್ತು ಹೃದಯಕ್ಕೆ ಗೊತ್ತಿರುವುದು ಒಂದೇ ದಿಕ್ಕು. ನೆಲವನ್ನು ಪ್ರೀತಿಸುವವರೆಲ್ಲರ ದೌರ್ಬಲ್ಯವಿದು, ಸನ್ಮಂಗಳವಾದ ಪ್ರತಿಯೊಂದು ಧ್ವನಿಯೂ ಅವರಿಗೆ ತಮ್ಮ ಮನೆಯ ಕಡೆಯಿಂದಲೇ ಕೇಳಿಸುತ್ತದೆ. ಆದರೆ ಅವರಲ್ಲಿ ಕೆಲವರು, ಬಹಳ ವಿರಳವಾಗಿ ಕೆಲವರು, ತಾವು ಕೇಳಿದ್ದು ಬೇರೆ ದಿಕ್ಕಿನಿಂದ ಬಂದದ್ದೆಂದು ತಿಳಿದ ಕ್ಷಣವೇ ಎದ್ದುಹೋಗಿ, ತಮ್ಮ ಮಾತನ್ನು ನಂಬಿದವನ ಮುಂದೆ ಅದನ್ನು ನುಡಿಯಬಲ್ಲರು. ಲೋಕ ತನ್ನ ವೇಳೆಯನ್ನು ಗೋಪುರಗಳಿಂದ ಪಡೆಯುತ್ತದೆ, ತನ್ನ ವಿಶ್ವಾಸವನ್ನು ಪಡೆಯುವುದು ಇಂಥವರಿಂದ.