ಅಕ್ಕ ಸುತ್ತಿಟ್ಟ ಒಣ ಜೊತೆ

ನಮ್ಮ ಭಾವ ಯಾವ ಬಟ್ಟೆಯನ್ನೂ ಕೈಯಿಂದ ಮುಟ್ಟಿ ನಂಬಿದವರಲ್ಲ. ಕೈ ಸುಳ್ಳು ಹೇಳುತ್ತದೆ, ತಣ್ಣಗಿರುವುದಕ್ಕೂ ಒದ್ದೆಯಾಗಿರುವುದಕ್ಕೂ ಅದಕ್ಕೆ ಭೇದ ತಿಳಿಯುವುದಿಲ್ಲ ಎಂಬುದು ಅವರ ದೃಢವಾದ ಅಭಿಪ್ರಾಯ; ಆದ್ದರಿಂದ ಹಗ್ಗದ ಮೇಲಿನ ಕಾಲುಚೀಲವಾಗಲಿ, ಗಿರಾಕಿ ಹಿಂದಿರುಗಿಸಿದ ಟೆಂಟಾಗಲಿ, ಅದನ್ನೆತ್ತಿ ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಒಂದು ಕ್ಷಣ ಕಾದು, ಆಮೇಲೆ "ಇನ್ನೂ ಇದೆ" ಎಂದೋ "ಆಯ್ತು" ಎಂದೋ ತೀರ್ಪು ಕೊಡುತ್ತಾರೆ. ಕಂಡವರ ಕಾಲುಚೀಲವನ್ನು ಹೀಗೆ ಕೆನ್ನೆಗಿಟ್ಟುಕೊಳ್ಳುವ ಮನುಷ್ಯನನ್ನು ನಮ್ಮಕ್ಕ ಹೇಗೆ ಮೆಚ್ಚಿದಳು ಎಂದು ಮನೆಯಲ್ಲಿ ಬಹಳ ಕಾಲ ಚರ್ಚೆಯಿತ್ತು. ಅಕ್ಕ ಮಾತ್ರ ನಗುತ್ತಿದ್ದಳು. "ನಾನು ಬಾಡಿಗೆಗೆ ತಗೊಂಡು ವಾಪಸ್ಸು ಕೊಟ್ಟ ಕೋಟನ್ನೂ ಹಾಗೇ ನೋಡಿದ್ರು ಕಣೋ. 'ಇನ್ನೂ ಇದೆ' ಅಂತ ನನ್ನ ಕೈಲೇ ಒಣಗಿಸಿದ್ರು. ಅದು ಒಣಗೋ ಅಷ್ಟರಲ್ಲಿ ನನ್ನ ಕಥೆ ಮುಗಿದೇ ಹೋಯ್ತು."

ಬೆಟ್ಟದ ಕಡೆಗೆ ಹೋಗುವ ಬಸ್ಸುಗಳು ನಿಲ್ಲುವ ಬೀದಿಯಲ್ಲಿ ಅವರದೊಂದು ಅಂಗಡಿ. ಚಾರಣಕ್ಕೆ ಹೋಗುವವರಿಗೆ ಟೆಂಟು, ಬ್ಯಾಗು, ಬೂಟುಗಳನ್ನು ಬಾಡಿಗೆಗೆ ಕೊಡುವುದು ಕಸುಬು. ಮಳೆಗಾಲದಲ್ಲಿ ಒಳಗೆ ಕಾಲಿಟ್ಟರೆ ತಲೆಯೆತ್ತಿ ನಡೆಯುವಂತಿಲ್ಲ: ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಟೆಂಟು, ನೆಲದ ಮೇಲೆ ಬಾಯ್ದೆರೆದ ಬೂಟುಗಳ ಸಾಲು, ಪ್ರತಿ ಬೂಟಿನ ಹೊಟ್ಟೆಗೂ ತುರುಕಿದ ಹಳೆಯ ಪತ್ರಿಕೆ, ಮೂಲೆಯಲ್ಲಿ ಕತ್ತು ನೆಟ್ಟಗಿಲ್ಲದ ಒಂದು ಟೇಬಲ್ ಫ್ಯಾನು. ಬೂಟಿನಿಂದ ತೆಗೆದ ಪತ್ರಿಕೆಯನ್ನು ಭಾವ ಬಿಡಿಸಿ ಓದಿಯೇ ಎಸೆಯುತ್ತಾರೆ. ಜಗತ್ತಿನ ಸಮಾಚಾರವೆಲ್ಲ ಅವರನ್ನು ಮುಟ್ಟುವುದು ತಡವಾಗಿ, ಕಾಲಿನ ವಾಸನೆಯೊಂದಿಗೆ. ಭುಜದಲ್ಲಿ ತೇಪೆ ಹಾಕಿದ ಹಸಿರು ರೇನ್‌ಕೋಟು ಅವರ ಮೈಮೇಲೆ ಬಿಸಿಲಲ್ಲೂ ಇರುತ್ತದೆ. ಒಣರಸ್ತೆಯಲ್ಲೂ ಕೊಚ್ಚೆ ದಾಟುವವರಂತೆ ಮಂಡಿಯೆತ್ತಿ ಹೆಜ್ಜೆಯಿಡುವ ಅವರ ಹಿಂದೆ ನಡೆಯುವುದೆಂದರೆ ನೋಡುವವರಿಗೇ ಆಯಾಸ.

ಒದ್ದೆಯ ವಿಷಯದಲ್ಲಿ ಅವರದು ಒಂದೇ ಸಿದ್ಧಾಂತ. ಮಳೆಯಲ್ಲಿ ನಡೆಯುವವನು ನೆನೆದೇ ನೆನೆಯುತ್ತಾನೆ; ಯಾವ ಕೋಟೂ ಯಾವ ಹೊದಿಕೆಯೂ ಅದನ್ನು ತಪ್ಪಿಸಲಾರದು, ನೀರು ಮೇಲಿಂದ ಬಾರದಿದ್ದರೆ ಬೆವರಾಗಿ ಒಳಗಿಂದ ಬರುತ್ತದೆ. ಆದ್ದರಿಂದ ಎಲ್ಲವನ್ನೂ ಕಾಪಾಡಲು ಹೋಗಬಾರದು, ಒಂದನ್ನು ಕಾಪಾಡಬೇಕು. ಆ ಒಂದಕ್ಕೆ ಅವರಿಟ್ಟ ಹೆಸರು 'ಒಣ ಜೊತೆ': ಸ್ವೆಟರು, ಪ್ಯಾಂಟು, ಉಣ್ಣೆಯ ಕಾಲುಚೀಲ. ಅವನ್ನು ನೀರು ಹೊಗದ ಚೀಲಕ್ಕೆ ಹಾಕಿ, ಅದರ ಮೇಲೆ ಮಂಡಿಯೂರಿ ಗಾಳಿ ಹೊರಡಿಸಿ, ಬಾಯಿಯನ್ನು ಬಿಗಿಯಾಗಿ ಸುತ್ತಿ ಕೊಂಡಿ ಹಾಕಬೇಕು. ಸಂಜೆ ಟೆಂಟಿನೊಳಗೆ ಮಾತ್ರ ಅದನ್ನು ತೊಡಬಹುದು. ಬೆಳಿಗ್ಗೆ, ಎಷ್ಟೇ ಮನಸ್ಸಿಲ್ಲದಿದ್ದರೂ, ಕಳಚಿ ಚೀಲಕ್ಕೆ ಸೇರಿಸಿ, ನಿನ್ನೆಯ ತೊಯ್ದ ಬಟ್ಟೆಯನ್ನೇ ಮೈಗೇರಿಸಿಕೊಂಡು ಹೊರಡಬೇಕು. ಆ ತಣ್ಣನೆಯ ಅಂಗಿ ಬೆನ್ನಿಗೆ ಅಂಟುವ ಗಳಿಗೆಯಿದೆಯಲ್ಲ, ಅದರಲ್ಲಿ ನಾನು ಭಾವನನ್ನು ಮನಸಾರೆ ಬೈದಿದ್ದೇನೆ. "ಬೈಕೋ," ಎನ್ನುತ್ತಿದ್ದರು, "ಬೆಳಿಗ್ಗೆ ಒದ್ದೆ ಹಾಕ್ಕೊಳ್ಳೋಕೆ ಹೇಸೋನು ಸಂಜೆ ನಡುಗ್ತಾ ಕೂರ್ತಾನೆ." ಇನ್ನೊಂದು ಮಾತನ್ನೂ ಪ್ರತಿ ಗಿರಾಕಿಗೆ ತಪ್ಪದೆ ಹೇಳುತ್ತಿದ್ದರು: ಮನೆಗೆ ಹೋದ ಕೂಡಲೇ ಚೀಲ ಬಿಚ್ಚಿ, ಗಾಳಿ ಕಾಣದ ಬಟ್ಟೆಗೆ ಬೂಷ್ಟು ಹಿಡಿಯುತ್ತೆ.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ಭಾವನ ಬ್ಯಾಗಿನ ತಳದಲ್ಲಿ ವರ್ಷಗಳಿಂದ ಬಿಚ್ಚದ ಒಂದು ಚೀಲವಿತ್ತು. ಅದು ಅಕ್ಕನ ಒಣ ಜೊತೆ. ಬೆಟ್ಟದ ಮೇಲಣ ಕೆರೆಯವರೆಗೆ ಒಂದು ಚಾರಣಕ್ಕೆಂದು ಅವಳೇ ತುಂಬಿ, ಅವಳೇ ಸುತ್ತಿಟ್ಟದ್ದು. ಹೊರಡುವ ಮೊದಲೇ ಜ್ವರ ಬಂತು, ಜ್ವರ ಆಸ್ಪತ್ರೆಯಾಯಿತು, ಅಕ್ಕ ಹಿಂದಿರುಗಲಿಲ್ಲ. ಅಂದಿನಿಂದ ಎಲ್ಲಿಗೆ ನಡೆದರೂ ಭಾವ ಆ ಚೀಲವನ್ನು ಹೊತ್ತರು. ಅಕ್ಕ ಚೀಲದ ಬಾಯಿಯನ್ನು ಯಾವಾಗಲೂ ಹಿಂದುಮುಂದಾಗಿ ಸುತ್ತುತ್ತಿದ್ದಳು. ಬದುಕಿದ್ದಷ್ಟು ದಿನ ಅದಕ್ಕಾಗಿ ಇಬ್ಬರಿಗೂ ಜಗಳ. ನಾನೊಮ್ಮೆ ತಡೆಯಲಾರದೆ ಕೇಳಿದೆ, "ಭಾವ, ಊರಿಗೆಲ್ಲ ಹೇಳ್ತೀರಲ್ಲ, ಇದಕ್ಕೆ ಬೂಷ್ಟು ಹಿಡಿಯಲ್ವಾ?" ಅವರು ಬಹಳ ಹೊತ್ತು ಬೂಟಿಗೆ ಪತ್ರಿಕೆ ತುರುಕಿದರು. "ಅವಳು ಸುತ್ತಿದ ಸುತ್ತು ಅದು," ಎಂದರು. "ಬಿಚ್ಚಿದ್ರೆ ಮತ್ತೆ ಹಂಗೆ ಸುತ್ತೋಕೆ ನಂಗೆ ಬರಲ್ಲ."

ಇದು ನನಗೆ ಅರ್ಥವಾಯಿತು. ಅವರ ಮಗಳಿಗೆ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ: "ಅಮ್ಮನ ಸ್ವೆಟರು ಕೊಡಪ್ಪ. ನಾನೂ ಹಾಕ್ಕೋತೀನಿ." ಅಮ್ಮನ ಮಿಕ್ಕ ಬಟ್ಟೆಗಳನ್ನೆಲ್ಲ ಸಂಕಟದ ದಿನಗಳಲ್ಲಿ ಯಾರುಯಾರೋ ಹಂಚಿಬಿಟ್ಟಿದ್ದರು, ಉಳಿದದ್ದು ಆ ಚೀಲದೊಳಗಿನದು. ಭಾವ ಕೊಡಲಿಲ್ಲ. ಅವಳು ಕೇಳುವುದನ್ನು ಬಿಟ್ಟಳು, ಆಮೇಲೆ ಮನೆಗೆ ಬರುವುದನ್ನೂ ಕಡಿಮೆ ಮಾಡಿದಳು, ಬಂದರೂ ಅಪ್ಪ ಮಗಳು ಹವಾಮಾನದ ಮಾತಾಡಿ ಎದ್ದುಬಿಡುತ್ತಿದ್ದರು. ಕಡೆಗೊಮ್ಮೆ ಅವಳೇ ನನಗೆ ಫೋನು ಮಾಡಿ, "ಮಾಮ, ಅಮ್ಮ ಹೋಗ್ಬೇಕು ಅಂತಿದ್ದ ಆ ಕೆರೆಗೆ ಹೋಗಿ ಬರೋಣ, ನೀನಿದ್ರೆ ಅಪ್ಪನೂ ಬರ್ತಾನೆ" ಎಂದಳು. ನನ್ನ ಮಂಡಿಗಳು ಬೇಡವೆಂದವು. ಬೇಡವೆನ್ನಲು ಬಾಯಿ ಬರಲಿಲ್ಲ.

ಮಳೆ ಬೆಳಿಗ್ಗೆಯೇ ಹಿಡಿದದ್ದು ಬಿಡಲಿಲ್ಲ. ಮಂಡಿಯೆತ್ತಿ ನಡೆಯುವ ಭಾವ ಮುಂದೆ, ನಡುವೆ ಮಗಳು, ಹಿಂದೆ ಶಪಿಸುತ್ತ ನಾನು. ಸಂಜೆಯ ಹೊತ್ತಿಗೆ, ಕೆರೆಗೆ ಇನ್ನೇನು ಒಂದು ಏರು ಎನ್ನುವಾಗ, ಹಳ್ಳ ದಾಟುತ್ತಿದ್ದವಳು ಕಲ್ಲಿನ ಮೇಲಿಂದ ಜಾರಿ ಬ್ಯಾಗಿನ ಸಮೇತ ನೀರಿಗೆ ಬಿದ್ದಳು. ನಾವಿಬ್ಬರೂ ಎಳೆದು ದಡಕ್ಕೆ ತಂದೆವು. ಟೆಂಟು ಹೂಡಿ, ಅವಳ ಒಣ ಜೊತೆಯ ಚೀಲವನ್ನು ತೆಗೆದರೆ ಅದರ ಬಾಯಿಂದ ನೀರು ಸುರಿಯಿತು: ಅದರಲ್ಲಿಟ್ಟಿದ್ದ ಬಿಸ್ಕತ್ತಿಗೆಂದು ದಾರಿಯಲ್ಲಿ ಬಿಚ್ಚಿದವಳು ಅರ್ಧ ಸುತ್ತಿ ಬಿಟ್ಟಿದ್ದಳು. ನಮ್ಮ ಒಣ ಜೊತೆ ಕೊಡೋಣವೆಂದರೆ, ಅವಳಿಗೆ ಒಣ ಜಾಗ ಮಾಡಿಕೊಡುವ ಗಡಿಬಿಡಿಯಲ್ಲಿ ನಾವಿಬ್ಬರೂ ನಮ್ಮ ಚೀಲಗಳನ್ನು ಬಿಚ್ಚಿ, ನೆಂದ ನೆಲದ ಮೇಲೆ ಆ ಬಟ್ಟೆಗಳನ್ನೇ ಹಾಸಿಬಿಟ್ಟಿದ್ದೆವು. ಜೀವಮಾನವೆಲ್ಲ ಪಾಠ ಹೇಳಿದವರು ಮಾಡುವ ತಪ್ಪಲ್ಲ. ಮಗಳ ತುಟಿ ನೀಲಿಯಾದದ್ದನ್ನು ಕಂಡ ಅಪ್ಪ ಮಾಡುವ ತಪ್ಪು. ಅವಳ ಹಲ್ಲು ಕಟಕಟಿಸುತ್ತಿತ್ತು. ಆಮೇಲೆ ಅದೂ ನಿಂತು, ಮಾತು ತೊದಲಿತು. ನನಗೆ ಭಯವಾಯಿತು.

ಭಾವ ತಮ್ಮ ಬ್ಯಾಗಿನ ತಳಕ್ಕೆ ಕೈಹಾಕಿದರು. ಹಿಂದುಮುಂದಾಗಿ ಸುತ್ತಿದ ಆ ಬಾಯಿಯನ್ನು ಒಂದು ಸಲ ಬೆರಳಿಂದ ಸವರಿ, ಕೊಂಡಿ ಕಳಚಿ, ಬಿಚ್ಚಿದರು. ಬೂದುಬಣ್ಣದ ಸ್ವೆಟರನ್ನು ಹೊರತೆಗೆದು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ನಾನು ಬೂಷ್ಟನ್ನೇ ನಿರೀಕ್ಷಿಸಿದ್ದೆ.

"ಆಯ್ತು," ಎಂದರು. ಅದನ್ನು ಮಗಳ ಕೈಗಿತ್ತು, ಅವಳು ಬಟ್ಟೆ ಬದಲಿಸಲೆಂದು ನನ್ನೊಂದಿಗೆ ಟೆಂಟಿನ ಹೊರಗೆ ಬಂದು ಮಳೆಯಲ್ಲಿ ನಿಂತು, ದಣಿದ ದನಿಯಲ್ಲಿ ಹೇಳಿದರು: "ಅವಳ ವಾಸನೆ ಇಲ್ಲ ಕಣಯ್ಯ. ಬರೀ ಪ್ಲಾಸ್ಟಿಕ್ಕು. ಇಷ್ಟು ವರ್ಷ ಪ್ಲಾಸ್ಟಿಕ್ಕು ಹೊತ್ತೆ."

ಬೆಳಿಗ್ಗೆಯೂ ಮಳೆಯೇ. ಮುಖದಲ್ಲಿ ಬಣ್ಣ ತುಂಬಿಕೊಂಡು ಎದ್ದ ಮಗಳು, ಯಾರೂ ಹೇಳದೆ, ತನ್ನ ತೊಯ್ದ ಅಂಗಿಯನ್ನು ಹಿಂಡಿಟ್ಟುಕೊಂಡು ಸ್ವೆಟರು ಕಳಚಲು ಹೊರಟಳು. ಚಿಕ್ಕಂದಿನಿಂದ ಕಲಿತ ನಿಯಮ.

"ಬೇಡ," ಎಂದರು ಭಾವ. "ಅದನ್ನೇ ಹಾಕ್ಕೊಂಡು ನಡಿ."

"ಅಪ್ಪ, ನೆನೆಯುತ್ತೆ."

"ನೆನೀಲಿ. ಮನೆಗೆ ಹೋಗಿ ಒಣಗಿಸೋಣ."

ಅಕ್ಕನ ಸ್ವೆಟರು ಕೆರೆಯವರೆಗೆ ಹೋಗಿ, ಚೆನ್ನಾಗಿ ನೆಂದು, ತಿರುಗಿ ಬಂತು. ಈಗ ಅದು ಅಂಗಡಿಯ ಹಗ್ಗದ ಮೇಲಿದೆ. ಮಗಳು ವಾರಕ್ಕೊಮ್ಮೆ ಬಂದು ಒಣಗಿತಾ ಎಂದು ಕೇಳುತ್ತಾಳೆ. ಭಾವ ಅದನ್ನು ಕೆನ್ನೆಗೊತ್ತಿ "ಇನ್ನೂ ಇದೆ" ಎನ್ನುತ್ತಾರೆ. ಅದು ಎಂದೋ ಒಣಗಿದೆಯೆಂದು ಅವಳಿಗೂ ಗೊತ್ತು. "ಸರಿ, ಮುಂದಿನ ವಾರ ಬರ್ತೀನಿ" ಎಂದು ಕೂತು ಚಹಾ ಕುಡಿದು, ಬೂಟುಗಳಿಗೆ ಪತ್ರಿಕೆ ತುರುಕಿ ಹೋಗುತ್ತಾಳೆ.

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರೆ. ಆ ಹನಿಯಡಿಯಲ್ಲೇ ಬದುಕುವ ಒಂದು ಜಾತಿಯ ಜನರಿದ್ದಾರೆ. ದಿನವೂ ತಾವು ಒದ್ದೆ ತೊಟ್ಟು, ಬೆನ್ನ ಮೇಲೆ ಯಾವುದೋ ಒಂದನ್ನು ಒಣಗಿರಿಸಿಕೊಂಡು ನಡೆಯುವವರು. ಅವರನ್ನು ಜಿಪುಣರೆಂದೂ ಹಟಮಾರಿಗಳೆಂದೂ ನಾವು ಬೈಯುತ್ತೇವೆ, ಬೈಯಬೇಕಾದದ್ದೂ ಹೌದು. ಆದರೆ ಅವರು ಕಾಯುತ್ತಿರುವುದು ಬಟ್ಟೆಯನ್ನಲ್ಲ, ಅದನ್ನು ಬಿಚ್ಚಿ ಕೊಡಲೇಬೇಕಾದ ಒಂದು ಸಂಜೆಯನ್ನು. ಆ ಸಂಜೆ ಬಂದ ಮೇಲೆ, ಪಾಪ, ಅವರಿಗೂ ಸ್ವಲ್ಪ ಒಣಗಬೇಕೆನಿಸುತ್ತದೆ.