ಮಂದಿ ಇಲ್ಲದ ಜಾಗ

"ಇದರಾಗೂ ಮಂದಿ ಅದಾರ," ಎಂದು ನಾಗರತ್ನಾ ಫೋನನ್ನು ಗಂಡನ ಕಡೆಗೆ ಸರಿಸಿದಳು.

ದುರಗೇಶ ಫೋಟೊ ದೊಡ್ಡದು ಮಾಡಿ ನೋಡಿದ. ಹೌದು, ಬಂಡೆಯ ಮೂಲೆಯಲ್ಲಿ ಕೆಂಪು ಟೊಪ್ಪಿಗೆಯವನೊಬ್ಬ ಕೈ ಚಾಚಿ ತನ್ನದೇ ಫೋಟೊ ತೆಗೆದುಕೊಳ್ಳುತ್ತ ನಿಂತಿದ್ದ. ಸಂಜೆಯಿಂದ ಅವನು ತೋರಿಸಿದ ಬೆಟ್ಟ, ಕಣಿವೆ, ಹೊಳೆದಂಡೆ ಎಲ್ಲವನ್ನೂ ಅವಳು ಹೀಗೆಯೇ ತಳ್ಳಿಹಾಕಿದ್ದಳು. ಸಿಟ್ಟಿನಿಂದಲ್ಲ. ಹೊಲಿಯಲು ಬಂದ ಬಟ್ಟೆಯಲ್ಲಿ ಕಲೆ ಇದೆಯೇನೋ ಎಂದು ನೋಡುವ ಹಾಗೆ, ಕಣ್ಣಿಗೆ ಹತ್ತಿರ ಹಿಡಿದು ನೋಡಿ ಬೇಡವೆನ್ನುತ್ತಿದ್ದಳು. ಅವಳು ಯಾವುದನ್ನಾದರೂ ಇಷ್ಟು ಗಮನವಿಟ್ಟು ನೋಡಿ ಎಷ್ಟೋ ತಿಂಗಳಾಗಿತ್ತು. ಅವನಿಗೆ ಅಷ್ಟೇ ದೊಡ್ಡದೆನಿಸಿ ಮತ್ತೊಂದು ಫೋಟೊ ಹುಡುಕತೊಡಗಿದ.

ಸಂಕ್ರಾಂತಿ ಮುಗಿದ ಮೇಲೆ ಎರಡನೆಯ ಸಲವೂ ಅವಳಿಗೆ ಬಸಿರು ನಿಲ್ಲಲಿಲ್ಲ. ಮೊದಲ ಸಲ ಅತ್ತಿದ್ದಳು. ಈ ಸಲ ಅಳಲಿಲ್ಲ, ಮಾತು ಕಡಿಮೆ ಮಾಡಿದಳು. ಲಕ್ಕಲಕಟ್ಟಿಯ ಅವರ ಮನೆಯ ಪಡಸಾಲೆಯಲ್ಲಿ ಅವಳ ಹೊಲಿಗೆ ಮಷಿನ್ ಇತ್ತು. ಊರಿನ ಹೆಂಗಸರೆಲ್ಲ ಬ್ಲೌಸಿಗೆ ಅವಳ ಹತ್ತಿರವೇ ಬರುತ್ತಿದ್ದರು. ಅಳತೆ ಕೊಡಲು ತೋಳೆತ್ತಿ ನಿಂತವರು ಸುಮ್ಮನಿರುತ್ತಿರಲಿಲ್ಲ. ಯಾವ ದವಾಖಾನೆಗೆ ತೋರಿಸಿದಿರಿ, ಯಾವ ದೇವರಿಗೆ ನಡೆದುಕೊಂಡಿರಿ, ನಮ್ಮ ಅಕ್ಕನ ಸೊಸೆಗೂ ಹೀಗೇ ಆಗಿತ್ತು ಎಂದು ಅವಳ ತಲೆಯ ಮೇಲೆಯೇ ಮಾತಾಡುತ್ತಿದ್ದರು. ಅವಳು ಟೇಪಿನ ಮೇಲೆ ಕಣ್ಣಿಟ್ಟು ಅಳತೆ ಬರೆದುಕೊಳ್ಳುತ್ತಿದ್ದಳು.

ಗದಗಿನ ಡಾಕ್ಟರಬಾಯಿ ಮೈಗೆ ಏನೂ ಕೊರತೆಯಿಲ್ಲ, ಮನಸ್ಸು ಹಗುರಾಗಬೇಕು, ಎಲ್ಲಿಗಾದರೂ ನಾಲ್ಕು ದಿನ ಕರೆದುಕೊಂಡು ಹೋಗಿ ಬನ್ನಿ ಎಂದಿದ್ದರು. ಬಸ್ಸಿನಲ್ಲಿ ಮರಳುವಾಗ ದುರಗೇಶ ಎಲ್ಲಿಗೆ ಹೋಗೋಣ ಎಂದು ಕೇಳಿದ್ದ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣತೊಡಗಿದಾಗ ಅವಳು ಕಿಟಕಿಯಿಂದ ಇತ್ತ ತಿರುಗಿದಳು. ಆಮೇಲೆ ಹೇಳಿದಳು: "ಗುಡಿ ಬ್ಯಾಡ್ರಿ. ಮಂದಿ ಇರಬಾರದು. ನೋಡಾಕ ಭಾಳ ಚಂದ ಇರಬೇಕು. ಕುಂತು ನೋಡೂಣು, ಅಷ್ಟ."

ಮದುವೆಯಾದ ಮೇಲೆ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ದುರಗೇಶ ಗಜೇಂದ್ರಗಡದಲ್ಲಿ ಬಾಷಾಸಾಬನ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದ. ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳು ಅಂಗಡಿಯ ಮುಂದೆ ಸಾಲು ಹಚ್ಚುತ್ತವೆ, ರಜೆ ಕೇಳುವ ಕಾಲವಲ್ಲ. ಆದರೂ ಕೇಳಿದ. ಬಾಷಾಸಾಬ ಎಲ್ಲಿಗೆ, ಯಾಕೆ ಎಂದು ಕೇಳಿ ತಿಳಿದುಕೊಂಡು, ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಿದ. ಈ ಬಿಸಿಲಿನಲ್ಲಿ ಜಲಪಾತದ ಕಡೆ ಹೋದರೆ ಬರೀ ಬಂಡೆಗಲ್ಲು ಕಾಣುತ್ತವೆ, ಕಾಡೂ ಒಣಗಿರುತ್ತದೆ, ಸಮುದ್ರ ಒಂದೇ ಬತ್ತುವುದಿಲ್ಲ ಎಂದ. ಅವನ ತಂಗಿಯನ್ನು ಕುಮಟಾಕ್ಕೆ ಕೊಟ್ಟಿದ್ದರು. ಅಲ್ಲಿಂದ ಮುಂದೆ ಒಂದು ಗುಡ್ಡ ಹತ್ತಿ ಇಳಿದರೆ ಸಣ್ಣದೊಂದು ದಂಡೆ, ಎರಡೂ ಕಡೆ ಕಲ್ಲುಗುಡ್ಡ, ವಾಹನ ಹೋಗುವುದಿಲ್ಲವಾದ್ದರಿಂದ ಯಾರೂ ಬರುವುದಿಲ್ಲ. ತಂಗಿಗೆ ಫೋನು ಮಾಡಿ ಅವಳ ಮನೆಯ ಮೇಲಿನ ಕೋಣೆಯನ್ನು ಮೂರು ದಿನಕ್ಕೆ ಕೊಡಿಸಿಯೂ ಬಿಟ್ಟ. ತಂಗಿಯ ಮಗಳು ದಂಡೆಯ ಫೋಟೊ ಕಳಿಸಿದಳು.

ಆ ಫೋಟೊವನ್ನು ನಾಗರತ್ನಾ ಬಹಳ ಹೊತ್ತು ನೋಡಿದಳು. ಮರಳಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. "ನೀರು ಖರೇನೂ ಹಿಂಗ ಹಸರ ಇರತೈತೇನ್ರಿ?" ಎಂದು ಕೇಳಿದಳು. ಅವನೂ ಸಮುದ್ರ ನೋಡಿದವನಲ್ಲ. ಇರುತ್ತದೆ ಎಂದ.

ಹೋಗುವುದನ್ನು ತಾಯಿಗೆ ಹೇಳಲೇಬೇಕಿತ್ತು. ರೇಣವ್ವ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಕುಮಟಾ ಕಡೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮೊರ ಕೆಳಗಿಟ್ಟಳು. ಗೋಕರ್ಣ ಅಲ್ಲೇ ಅಲ್ಲವೇ ಎಂದಳು. ಸೊಸೆಯನ್ನು ಅಲ್ಲಿ ಸಮುದ್ರಸ್ನಾನ ಮಾಡಿಸುತ್ತೇನೆಂದು ಮೊದಲನೆಯದು ಹೋದಾಗಲೇ ಹರಕೆ ಹೊತ್ತಿದ್ದಳಂತೆ, ಯಾರಿಗೂ ಹೇಳಿರಲಿಲ್ಲ. ಹರಕೆ ತಡವಾಯಿತೆಂದೇ ಎರಡನೆಯದೂ ನಿಲ್ಲಲಿಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು. ಈಗ ಮಗ ತಾನಾಗಿ ಆ ಕಡೆ ಹೊರಟಿದ್ದಾನೆ ಎಂದರೆ ಅದು ದೇವರೇ ಕೊಟ್ಟ ಬುದ್ಧಿ ಎಂದು ಕಣ್ಣೊರೆಸಿಕೊಂಡಳು. "ನೀ ಹುಟ್ಟೂಕಿಂತ ಮೊದಲ ನಂದೂ ಒಂದು ಹೋಗಿತ್ತೋ ಯಪ್ಪಾ," ಎಂದಳು. "ಆ ಸಂಕಟ ನನಗ ಗೊತ್ತೈತಿ."

ದುರಗೇಶ ಇಬ್ಬರೇ ಹೋಗುತ್ತೇವೆ ಎಂದು ಹೇಳಲು ಬಂದಿದ್ದ. ತಾಯಿ ತನ್ನ ಮುಂದೆ ಆ ಮಾತು ಎಂದೂ ಆಡಿರಲಿಲ್ಲ. ಅವನು ಜೋಳದ ರಾಶಿಯಿಂದ ಒಂದು ಹರಳು ಆರಿಸಿ ಆಚೆ ಎಸೆದು, ಹಾಗೇ ಎದ್ದು ಬಂದ.

ಆಮೇಲೆ ಎಲ್ಲವೂ ಅವನ ಕೈ ಮೀರಿ ನಡೆಯಿತು. ಶಿರೋಳಕ್ಕೆ ಕೊಟ್ಟಿದ್ದ ತಂಗಿ ಮಹೇಶ್ವರಿ ಸಾಲೆ ಸೂಟಿಯೆಂದು ಎರಡು ಮಕ್ಕಳೊಂದಿಗೆ ತವರಿಗೆ ಬಂದಿದ್ದಳು. ಅವಳನ್ನು ಬಿಟ್ಟು ಹೋಗುವುದು ಹೇಗೆ? ಮಕ್ಕಳಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆಂದು ರೋಣದಿಂದ ಒಂದು ಕ್ರೂಸರ್ ಗಾಡಿ ಬಾಡಿಗೆಗೆ ಹೇಳಿದರು. ಗಾಡಿಯಲ್ಲಿ ಜಾಗ ಉಳಿಯಿತೆಂದು ಪುರ್ತಗೇರಿಯ ಸೋದರತ್ತೆ ಸಕ್ರವ್ವನೂ ಬರುವುದಾಯಿತು. ಹೇಗೂ ಗಾಡಿ ಇದೆ, ನರಗುಂದದ ಮೇಲೆ ಹಾಯ್ದರೆ ಸವದತ್ತಿ ಎಲ್ಲಮ್ಮನ ಗುಡ್ಡ, ಮುಂದೆ ಶಿರಸಿ ಮಾರಿಕಾಂಬೆ, ಆಮೇಲೆ ಗೋಕರ್ಣ. ಇಷ್ಟು ಮಂದಿ ಒಂದು ಕೋಣೆಯಲ್ಲಿ ಹಿಡಿಸುವುದಿಲ್ಲವಾದ್ದರಿಂದ ಬಾಷಾಸಾಬನ ತಂಗಿಗೆ ಬೇಡವೆಂದು ತಿಳಿಸಿ, ಯಾತ್ರಿನಿವಾಸದಲ್ಲಿ ಮಲಗುವುದೆಂದು ಗೊತ್ತು ಮಾಡಿದರು. ಪ್ರತಿಯೊಂದನ್ನೂ ಅವನನ್ನು ಕೇಳಿಯೇ ಮಾಡಿದರು. ಪ್ರತಿಯೊಂದಕ್ಕೂ ಅವನು ಹೂಂ ಎಂದ.

ನಾಗರತ್ನಾ ಅವನನ್ನು ಏನೂ ಕೇಳಲಿಲ್ಲ. ಒಂದು ರಾತ್ರಿ ಅವನೇ, ಗೋಕರ್ಣದಿಂದ ಇವರ ಕಣ್ಣು ತಪ್ಪಿಸಿ ಇಬ್ಬರೂ ಆ ದಂಡೆಗೆ ಒಂದು ತಾಸು ಹೋಗಿ ಬರೋಣ ಎಂದ. ಅವಳು ಹೊಲಿದು ಮುಗಿಸಿದ ಬ್ಲೌಸಿಗೆ ಹುಕ್ಕು ಹಚ್ಚುತ್ತ, ಮಕ್ಕಳು ಬೆನ್ನು ಹತ್ತುತ್ತವೆ ಎಂದಳು. ಅದು ನಿಜವೇ ಆಗಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮನೆಯೆಲ್ಲ ರೊಟ್ಟಿ ಬಡಿಯುವ ಸಪ್ಪಳ. ಮಹೇಶ್ವರಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ನಾಗರತ್ನಾ ರೊಟ್ಟಿ ಕಟ್ಟಿದ ಗಂಟನ್ನು ಚೀಲದಲ್ಲಿಡಲು ಹೋದಾಗ, ಒಳಗೆ ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಏನೋ ಕೈಗೆ ತಾಕಿತು. ಬಿಚ್ಚಿ ನೋಡಿದಳು. ಅಂಗೈಯಷ್ಟು ಕಟ್ಟಿಗೆಯ ತೊಟ್ಟಿಲು, ಕೆಂಪು ಬಣ್ಣದ್ದು. ರೇಣವ್ವ ಸಂತೆಯಿಂದ ತಂದಿದ್ದಳು. ಗುಡಿಯಲ್ಲಿ ಎಲ್ಲರ ಮುಂದೆ ಸೊಸೆಯ ಕೈಯಿಂದಲೇ ಕಟ್ಟಿಸಬೇಕೆಂದಿದ್ದಳು. ಮಹೇಶ್ವರಿ ಒರಳಿನ ಹತ್ತಿರದಿಂದಲೇ, "ಚಲೋ ಐತಿ ಹೌದಿಲ್ಲೊ ವೈನಿ? ನಾನ ಆರಿಸೀನಿ," ಎಂದಳು.

ಚಲೋ ಐತಿ ಎಂದು ನಾಗರತ್ನಾ ಅದನ್ನು ಮೊದಲಿನ ಹಾಗೆಯೇ ಸುತ್ತಿ ಒಳಗಿಟ್ಟಳು. ಬಚ್ಚಲಿಗೆ ಹೋಗಿ ಬಂದು, ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು, ತಾನು ಹೊರಗಾಗಿದ್ದೇನೆ ಎಂದು ಅತ್ತೆಗೆ ಹೇಳಿದಳು.

ರೇಣವ್ವನ ಕೈಯ ರೊಟ್ಟಿ ಅರ್ಧಕ್ಕೇ ನಿಂತಿತು. ಎರಡನೆಯದು ಹೋದಾಗಿನಿಂದ ಸೊಸೆಗೆ ಅದು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು, ಹಾಗಾಗಿ ಅನುಮಾನಪಡಲಿಲ್ಲ. ಹಣೆ ಹಣೆ ಬಡಿದುಕೊಂಡಳು. ಗಾಡಿ ಮುಂದೂಡಲು ಬರುವುದಿಲ್ಲ, ಸಕ್ರವ್ವ ಆಗಲೇ ಬಂದು ಕುಳಿತಿದ್ದಾಳೆ. ನೀವೆಲ್ಲ ಹೋಗಿ ಬನ್ನಿ, ಎಮ್ಮೆ ನಾನು ನೋಡಿಕೊಳ್ಳುತ್ತೇನೆ ಎಂದು ನಾಗರತ್ನಾಳೇ ಹೇಳಿದಳು. ಕೊನೆಗೆ ರೇಣವ್ವ, ಅವಳ ಹೆಸರಿನಲ್ಲಿ ತಾನೇ ಮುಳುಗಿ, ತಾನೇ ತೊಟ್ಟಿಲು ಕಟ್ಟಿ ಬರುವುದೆಂದು ತೀರ್ಮಾನಿಸಿದಳು.

ದುರಗೇಶ ಅಂಗಡಿಯಿಂದ ಬಂದಾಗ ಅವಳು ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು. ಹತ್ತಿರ ಹೋಗಿ ನಿಂತ.

"ಆಗಿಲ್ರಿ," ಎಂದಳು ಮೆಲ್ಲಗೆ. "ಸುಳ್ಳ ಹೇಳೀನಿ."

ಅವನು ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದ. ಹಾಗಾದರೆ ತಾನೂ ಹೋಗುವುದಿಲ್ಲ ಎಂದ.

"ನೀವು ನಿಂತ್ರ ಅವ್ವಾರೂ ನಿಲ್ತಾರ. ಅವರು ನಿಂತ್ರ ಎಲ್ಲಾರೂ ನಿಲ್ತಾರ." ಬಕೀಟು ಖಾಲಿಯಾದರೂ ಎಮ್ಮೆ ತಳವನ್ನು ನೆಕ್ಕುತ್ತಿತ್ತು. ಅವಳು ಅದರ ಕೊಂಬಿನ ನಡುವೆ ಕೈಯಾಡಿಸಿದಳು. "ಮೂರ ದಿನ ಮನ್ಯಾಗ ಯಾರೂ ಇರಂಗಿಲ್ಲ. ನಾ ಮಷಿನ್ ಹಚ್ಚಂಗಿಲ್ಲ, ಬಾಗಿಲಾ ತಗಿಯಂಗಿಲ್ಲ. ನನಗ ಅಷ್ಟ ಸಾಕ್ರಿ. ನೀವು ಹೋಗ್ರಿ."

ಬೆಳಕು ಹರಿಯುವ ಮೊದಲೇ ಕ್ರೂಸರ್ ಬಂದು ನಿಂತಿತು. ಹೆಂಗಸರು ಹಿಂದೆ ಹತ್ತಿದರು, ದುರಗೇಶ ಡ್ರೈವರನ ಪಕ್ಕ ಕುಳಿತ. ರೋಣ ದಾಟುವವರೆಗೆ ರೇಣವ್ವ ಸೊಸೆಯ ಮಾತನ್ನೇ ಆಡುತ್ತಿದ್ದಳು. ಪಾಪ, ಅವಳಿಗಾಗಿ ಇಷ್ಟೆಲ್ಲ ಮಾಡಿದೆವು, ಅವಳ ನಸೀಬಿನಲ್ಲಿ ಬರೆದಿಲ್ಲ ನೋಡು ಎಂದಳು. ಸಕ್ರವ್ವ ಹೌದೆಂದಳು. ದುರಗೇಶ ಹಿಂದೆ ತಿರುಗಿ ನೋಡಲಿಲ್ಲ. ರಸ್ತೆಯ ಎರಡೂ ಕಡೆ ನೇಗಿಲು ಹೊಡೆದಿಟ್ಟ ಎರೆಹೊಲಗಳು ಕಣ್ಣು ಹಾಯುವವರೆಗೂ ಕರ್ರಗೆ ಬಿದ್ದುಕೊಂಡಿದ್ದವು.

ನರಗುಂದದಲ್ಲಿ ಗುಡ್ಡದ ನೆರಳಿಗೆ ಗಾಡಿ ನಿಲ್ಲಿಸಿ ಎಲ್ಲರೂ ಚಹಾಕ್ಕೆ ಇಳಿದರು. ದುರಗೇಶ ಸ್ವಲ್ಪ ದೂರ ಹೋಗಿ ಮನೆಗೆ ಫೋನು ಮಾಡಿದ. ಅವಳು ಎತ್ತಿದಳು.

"ಏನ್ ಮಾಡಾಕತ್ತಿ?"

"ಏನಿಲ್ರಿ. ಹಿತ್ತಲದಾಗ ಹೊರಸು ಹಾಕ್ಕೊಂಡು ಮಕ್ಕೊಂಡೀನಿ."

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಆ ಕಡೆ ಬೇವಿನ ಗಿಡದಲ್ಲಿ ಗುಬ್ಬಿಗಳ ಸಪ್ಪಳ, ಎಲ್ಲೋ ಎಮ್ಮೆಯ ಕೊರಳ ಗಂಟೆ ಒಮ್ಮೆ ಅಲುಗಿದ್ದು, ಆಮೇಲೆ ಅವಳ ಉಸಿರು. ಮಹೇಶ್ವರಿ ಅಣ್ಣಾ ಎಂದು ಕೂಗಿದಳು. ಡ್ರೈವರ್ ಹಾರ್ನ್ ಒತ್ತಿದ. ಆ ಸದ್ದು ಅವಳಿಗೆ ಕೇಳದಿರಲೆಂದು ಅವನು ಫೋನಿಗೆ ಅಂಗೈ ಅಡ್ಡ ಹಿಡಿದು, ಅಲ್ಲಿಯೇ ಬಿಸಿಲಿನಲ್ಲಿ ನಿಂತ.